ಕನ್ನಡಿ ನೋಡಿ ಬಿಡಿಸಿದ ಬಾಯಿ

ಕೊರೊನಾ ಇಳಿದ ಮೇಲೆ ಮುಲುಂಡಿನ ಒಂದು ಆಸ್ಪತ್ರೆಯ ಕಾಂಪೌಂಡ್ ಗೋಡೆಗೆ ಅಲ್ಲಿನ ನರ್ಸುಗಳ ಮುಖ ಬಿಡಿಸುವ ಕೆಲಸ ನಮ್ಮ ಆರ್ಟ್ ಕಾಲೇಜಿಗೆ ಬಂತು. ಕೃತಜ್ಞತೆಗಂತೆ. ಒಬ್ಬೊಬ್ಬ ವಿದ್ಯಾರ್ಥಿಗೆ ಒಬ್ಬೊಬ್ಬ ನರ್ಸು. ನಾನು ಒಬ್ಬರನ್ನೇ ಹಟ ಹಿಡಿದು ಕೇಳಿಕೊಂಡೆ. ನನ್ನ ಅಜ್ಜಿ ತೀರಿಕೊಂಡದ್ದು ಆ ಆಸ್ಪತ್ರೆಯಲ್ಲೇ. ಕೊನೆಯ ವಿಡಿಯೋ ಕಾಲ್‌ನಲ್ಲಿ ಅವಳೆದುರು ಫೋನ್ ಹಿಡಿದು ನಿಂತವರು ಅವರು.

ಆ ಕಾಲ್‌ನಲ್ಲಿ ನಾನು ಒಂದು ಮಾತೂ ಆಡಲಿಲ್ಲ. ಮೂಗಿಗೆ ನಳಿಕೆ ಹಾಕಿದ್ದ ಅಜ್ಜಿಯನ್ನು ಕಂಡು ಹೆದರಿ, ಫೋನನ್ನು ಅವ್ವನ ಕೈಗೆ ತುರುಕಿ ಅಡಿಗೆಮನೆಗೆ ಓಡಿದೆ. ಅಜ್ಜಿ ನನ್ನನ್ನೇ ಕೇಳುತ್ತಿದ್ದುದು ಅಲ್ಲಿಗೂ ಕೇಳಿಸುತ್ತಿತ್ತು. ನಾಳೆ ಮಾತಾಡಿದರಾಯಿತು ಅಂದುಕೊಂಡೆ. ಮರುದಿನ ಅಜ್ಜಿ ಇರಲಿಲ್ಲ.

ಕೈಗೆ ಸಿಕ್ಕ ಫೋಟೋದಲ್ಲಿ ಆ ನರ್ಸಿನ ಅರ್ಧ ಮುಖ ಮಾಸ್ಕಿನೊಳಗಿತ್ತು. ಬುದ್ಧಿ ಇದ್ದವರೆಲ್ಲ ಮಾಸ್ಕ್ ಸಮೇತ ಬಿಡಿಸಿ ವಡಾಪಾವ್ ತಿನ್ನಲು ಹೋದರು. ನನ್ನದು ಅಧಿಕಪ್ರಸಂಗ. ಧನ್ಯವಾದ ಹೇಳುವುದಾದರೆ ಪೂರ್ತಿ ಮುಖಕ್ಕೇ ಹೇಳಬೇಕು ಎಂದು ಮಾಸ್ಕ್ ತೆಗೆದೇಬಿಟ್ಟೆ. ಮಾಡೆಲ್ ಸಿಗದಾಗ ನಾವೆಲ್ಲ ಕೈಗನ್ನಡಿ ಹಿಡಿದು ನಮ್ಮದೇ ಮುಖ ನೋಡಿ ಬಿಡಿಸುತ್ತೇವೆ. ಹಾಗೆ ಅವರ ಕಣ್ಣುಗಳ ಕೆಳಗೆ ನನ್ನ ಮೂಗು, ನನ್ನ ನಗು, ನನ್ನ ಗದ್ದದ ಕುಳಿ ಬಂದು ಕೂತವು. ಮುಗಿದ ಮೇಲೆ ನನಗೇ ನೋಡಲು ಭಯವಾಯಿತು.

ಚಿತ್ರ ನೋಡಲು ಬಂದ ದಿನ ಅವರು ಮಾಸ್ಕ್ ಇಳಿಸಿದರು. ಅಗಲವಾದ ಬಾಯಿ, ತುಸು ಉಬ್ಬಿದ ಹಲ್ಲು. ಒಂದೂ ಹೋಲುತ್ತಿರಲಿಲ್ಲ. ನಾಚಿಕೆಯಿಂದ ಭೂಮಿಗೆ ಇಳಿದುಹೋದೆ. ನಾನು ಯಾರ ಮೊಮ್ಮಗಳೆಂದು ತಿಳಿಸಿ, "ತಪ್ಪಾತ್ರಿ ಸಿಸ್ಟರ್, ಇವತ್ತ ಅಳಿಸಿ ಮತ್ತ ಬಿಡಸ್ತೀನಿ" ಎಂದೆ.

ಅವರು ಉಡುಪಿ ಕಡೆಯವರು. ಗೋಡೆಯ ಮೇಲಿನ ಬಾಯನ್ನೊಮ್ಮೆ, ನನ್ನ ಬಾಯನ್ನೊಮ್ಮೆ ನೋಡಿದರು.

"ಅಳಿಸುದು ಬೇಡ ಮಾರಾಯ್ತಿ. ಫೋನ್ ಇಟ್ಟ ಮೇಲೂ ನಿನ್ನ ಅಜ್ಜಿ ನಿನ್ನನ್ನೇ ಕೇಳ್ತಾ ಇದ್ರು. ಕೊನೆಗೆ ನನ್ನ ಕೈ ಹಿಡ್ಕೊಂಡು, 'ಬಂದೀ ಏನವ್ವಾ' ಅಂದ್ರು. ನಾನು 'ಹೌದಜ್ಜಿ, ಬಂದೆ' ಅಂದೆ. ಸುಳ್ಳು ಹೇಳಿದೆನಲ್ಲ ಅಂತ ಇಷ್ಟು ದಿನ ಒಳಗೊಳಗೇ ಕೊರೀತಾ ಇತ್ತು. ಅವರಿಗೆ ನಾನು ಹೀಗೇ ಕಂಡಿರ್ಬೇಕು."

ಅಳಿಸಲಿಲ್ಲ. ಈಗಲೂ ಲೋಕಲ್ ರೈಲು ಹಿಡಿಯಲು ಆ ಗೋಡೆಯ ಪಕ್ಕದಲ್ಲೇ ಹೋಗುತ್ತೇನೆ. ಅಲ್ಲಿ ನನ್ನ ಬಾಯಿ ನಗುತ್ತಿರುತ್ತದೆ. ಅಜ್ಜಿಗೆ "ಬಂದೆ" ಎಂದ ಬಾಯಿ ಮಾತ್ರ ಅದಲ್ಲ.