ಫ್ರಾನ್ಸಿನಲ್ಲಿ ಕೂರಿಸಿದ ಬೊಂಬೆ

ಬೊಂಬೆ ಹಬ್ಬ ನಮ್ಮ ಮನೆತನದ್ದಲ್ಲ. ಹಳ್ಳಿಯಿಂದ ಮದುವೆಯಾಗಿ ಮೈಸೂರಿಗೆ ಬಂದ ನಮ್ಮವ್ವ, ಲಷ್ಕರ್ ಮೊಹಲ್ಲಾದ ಅಕ್ಕಪಕ್ಕದ ಮನೆಗಳನ್ನು ನೋಡಿ ಕಲಿತದ್ದು. ಕಲಿತ ಮೇಲೆ ಬಿಡುವ ಹೆಂಗಸಲ್ಲ ಅವಳು. ನವರಾತ್ರಿ ಬಂತೆಂದರೆ ಪೆಟ್ಟಿಗೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ಅಪ್ಪನ ಬಿಳಿ ಪಂಚೆ ಹಾಸಿ, ಮರದ ರಾಜ-ರಾಣಿಯನ್ನು ಕೂರಿಸಿ, ಬೀದಿ ಬಾಗಿಲು ತೆಗೆದಿಡುತ್ತಿದ್ದಳು. ಸಂಜೆಯಾದರೆ ಮಕ್ಕಳ ದಂಡು. ನಾವೂ ಅಷ್ಟೇ, "ಬೊಂಬೆ ಕೂರ್ಸಿದ್ದೀರಾ?" ಅಂತ ಕೇಳಿಕೊಂಡು ಗುರುತಿಲ್ಲದ ಮನೆಗೂ ನುಗ್ಗುತ್ತಿದ್ದೆವು. ಒಂದು ಹಾಡೋ ಕಥೆಯೋ ಹೇಳಿದರೆ ಕೈಗೆ ತಿಂಡಿ. ಅದಕ್ಕೆ ಬೊಂಬೆ ಬಾಗಿನ ಅಂತ ಹೆಸರು. ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಬಾಗಿಲು ತೆಗೆದಿದ್ದರೆ ಬನ್ನಿ ಅಂತಲೇ ಅರ್ಥ.

ಅರವತ್ತರ ದಶಕದ ಮೊದಲಲ್ಲಿ ನಾನು ಇಂಗ್ಲಿಷ್ ಎಂ.ಎ. ಮುಗಿಸಿ, ಫ್ರಾನ್ಸಿನ ಒಂದು ಸಣ್ಣ ಊರಿನ ಹೆಣ್ಣುಮಕ್ಕಳ ಶಾಲೆಗೆ ಒಂದು ವರ್ಷದ ಮಟ್ಟಿಗೆ ಸಹಾಯಕಿಯಾಗಿ ಹೊರಟೆ. ಪಾಠ ಮಾಡುವವರು ಬೇರೆ ಇದ್ದರು. ಮಕ್ಕಳ ಬಾಯಲ್ಲಿ ಇಂಗ್ಲಿಷ್ ಆಡಿಸುವುದಷ್ಟೇ ನನ್ನ ಕೆಲಸ. ಅಪ್ಪ ಮೂರು ವಾರ ನನ್ನ ಜೊತೆ ಮಾತು ಬಿಟ್ಟರು. ನಾನು ಹಟ ಮಾಡಿ ಗೆದ್ದೆ. ಅವ್ವ ಮಾತ್ರ ಟ್ರಂಕಿನ ತಳದಲ್ಲಿ, ಸೀರೆಯೊಳಗೆ ಸುತ್ತಿ, ಆ ರಾಜ-ರಾಣಿಯನ್ನೇ ಇಟ್ಟಳು.

"ಹಬ್ಬದಾಗೆ ಕೂರ್ಸು ಕಣವ್ವ. ಬಾಗ್ಲು ತೆಗ್ದಿಕ್ಬುಡು, ಮಕ್ಳು ತಾವಾಗೇ ಬತ್ತವೆ," ಅಂದಳು.

ಹೋದ ಮೇಲೆ ನೋಡಿದರೆ, ಹದಿಮೂರು ಹದಿನಾಲ್ಕು ವಯಸ್ಸಿನ ಆ ಹುಡುಗಿಯರು ಬಾಯಿಗೆ ಬೀಗ ಹಾಕಿಕೊಂಡಂತೆ ಕೂರುತ್ತಿದ್ದರು. ನನ್ನ ಸೀರೆಯ ಸೆರಗು ನೋಡುವರು, ಕಿಸಕ್ಕನೆ ನಗುವರು, ಪ್ರಶ್ನೆ ಕೇಳಿದರೆ ನೆಲ ನೋಡುವರು. ನನಗೋ ಮೂಗಿನ ತುದಿಯಲ್ಲೇ ಕೋಪ. ಮೇಜು ಕುಟ್ಟಿದೆ, ನಿಲ್ಲಿಸಿ ಕೇಳಿದೆ, ಬಾಯಿ ಬಿಟ್ಟವರನ್ನು ಪದಪದಕ್ಕೂ ತಿದ್ದಿದೆ. ಇನ್ನಷ್ಟು ಮುದುಡಿಕೊಂಡರು. ಒಂದು ದಿನ ಮುಖ್ಯೋಪಾಧ್ಯಾಯಿನಿ ಕರೆಸಿದರು. ಅವರಿಗೆ ಇಂಗ್ಲಿಷ್ ಒಂದಕ್ಷರ ಬಾರದು. ನನ್ನ ಅರೆಬರೆ ಫ್ರೆಂಚಿಗೆ ನಿಲುಕಲೆಂದು ನಿಧಾನವಾಗಿ, ಬಿಡಿಸಿ ಹೇಳಿದರು: ನವೆಂಬರ್ ರಜೆಯವರೆಗೆ ನೋಡುತ್ತೇನೆ, ಆಗಲೂ ಹುಡುಗಿಯರು ಮಾತಾಡದಿದ್ದರೆ ಇಂಗ್ಲೆಂಡಿನಿಂದ ಬೇರೆಯವರನ್ನು ಕರೆಸಬೇಕಾಗುತ್ತದೆ. ಹೋದ ದಾರಿಯಲ್ಲೇ ವಾಪಸ್ ಬಂದಳು ಅಂತ ಮೊಹಲ್ಲಾದಲ್ಲಿ ಆಡಿಕೊಳ್ಳುವುದು ಹಾಳಾಗಿ ಹೋಗಲಿ, ಅಪ್ಪನ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಅಷ್ಟರಲ್ಲಿ ನವರಾತ್ರಿ ಬಂತು. ಹುಡುಗಿಯರ ಹಾಸ್ಟೆಲಿನ ಕಾರಿಡಾರಿನ ಕೊನೆಯಲ್ಲಿ ನನ್ನ ಕೋಣೆ. ಟ್ರಂಕು, ಅದರ ಮೇಲೆ ನಿಘಂಟು, ಮೇಲೊಂದು ಬಿಳಿ ಸೀರೆ ಹಾಸಿ ರಾಜ-ರಾಣಿಯನ್ನು ಕೂರಿಸಿದೆ. ಸ್ಪಿರಿಟ್ ಸ್ಟೌವಿನ ಮೇಲೆ ರವೆ ಹುರಿದು, ಅವ್ವ ಕಟ್ಟಿಕೊಟ್ಟ ಏಲಕ್ಕಿ ಕುಟ್ಟಿ, ಉಂಡೆ ಕಟ್ಟಿದೆ. ಶಾಲೆ ಬಿಟ್ಟ ಮೇಲೆ ಬಾಗಿಲನ್ನು ಅಗಲವಾಗಿ ತೆಗೆದಿಟ್ಟು ಎದುರಿಗೇ ಕುರ್ಚಿ ಹಾಕಿಕೊಂಡು ಕೂತೆ.

ಒಂದು ನರಪಿಳ್ಳೆಯೂ ಬರಲಿಲ್ಲ. ಎರಡನೇ ದಿನವೂ ಇಲ್ಲ, ಮೂರನೇ ದಿನವೂ ಇಲ್ಲ. ನನ್ನ ಬಾಗಿಲ ಹತ್ತಿರ ಬರುತ್ತಿದ್ದಂತೆ ಹುಡುಗಿಯರು ಮಾತು ನಿಲ್ಲಿಸಿ, ತುದಿಗಾಲಲ್ಲಿ ದಾಟಿಹೋಗುತ್ತಿದ್ದರು. ಆರನೇ ಸಂಜೆ ನನ್ನ ಸಹನೆ ಕೆಟ್ಟಿತು. ದರಿದ್ರ ಊರು ಅಂತ ಬೈದು, ಬಾಗಿಲನ್ನು ದಢಾರನೆ ಮುಚ್ಚಿ, ಹಾಸಿಗೆಯ ಮೇಲೆ ಬಿದ್ದು ಅತ್ತೆ.

ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗಿ. ತಡವರಿಸುತ್ತಾ, ತನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿದಳು, "ಮಿಸ್, ನಿಮಗೆ ಹುಷಾರಿಲ್ಲವಾ?" ನಾನು ಮೂಗೊರೆಸಿಕೊಂಡು, ಇಷ್ಟು ದಿನ ಯಾಕೆ ಯಾರೂ ಬರಲಿಲ್ಲ ಅಂತ ಕೇಳಿದೆ. ಅವಳು ಕಣ್ಣರಳಿಸಿದಳು. ಆ ಕಾರಿಡಾರಿನಲ್ಲಿ ಟೀಚರು ಬಾಗಿಲು ತೆಗೆದು ಕೂತರೆ ಗಲಾಟೆ ಮಾಡುವವರನ್ನು ಹಿಡಿಯಲು ಕಾವಲು ಕೂತಿದ್ದಾರೆ ಅಂತ ಅರ್ಥವಂತೆ. ಒಳಗೆ ಬರಬೇಕಾದರೆ ಮುಚ್ಚಿದ ಬಾಗಿಲು ತಟ್ಟಿ ಬರಬೇಕಂತೆ. ಆರು ದಿನ ನಾನು ಆ ಮಕ್ಕಳನ್ನು ಹೆದರಿಸಿಕೊಂಡು ಕೂತಿದ್ದೆ ಅಂತ ಗೊತ್ತಾದಾಗ, ಅತ್ತ ಕಣ್ಣಲ್ಲೇ ನಗು ಬಂತು.

ಅವಳನ್ನು ಬೊಂಬೆಯ ಮುಂದೆ ಕೂರಿಸಿ ನಮ್ಮೂರಿನ ಕಟ್ಟಳೆ ಹೇಳಿದೆ: ಏನಾದರೂ ಹೇಳಿದರೆ ಉಂಡೆ, ಆದರೆ ಇಂಗ್ಲಿಷಿನಲ್ಲಿ. ಅವಳು ತನ್ನ ಮನೆಯ ಬೆಕ್ಕು ಮೀನು ಕದ್ದ ಕಥೆ ಹೇಳಿದಳು, ತಪ್ಪು ತಪ್ಪಾಗಿ, ಕೈಬಾಯಿ ಆಡಿಸುತ್ತಾ. ನಾನು ಒಂದು ತಪ್ಪನ್ನೂ ತಿದ್ದಲಿಲ್ಲ. ಬೊಂಬೆ ಮುಂದೆ ತೊದಲುವ ಮಕ್ಕಳನ್ನು ನಮ್ಮವ್ವ ಯಾವತ್ತಾದರೂ ತಿದ್ದಿದ್ದುಂಟೇ? ತರಗತಿಯಲ್ಲಿ ಇದು ನನಗೆ ಹೊಳೆದೇ ಇರಲಿಲ್ಲವಲ್ಲ ಅಂತ ನಾಚಿಕೆಯಾಯಿತು.

ಮಾರನೇ ದಿನ ನಾಲ್ವರು ಬಂದರು. ಅದರ ಮಾರನೇ ದಿನ ಕೋಣೆ ಸಾಲಲಿಲ್ಲ, ಕಾರಿಡಾರಿನಲ್ಲೂ ಕೂತರು. ಒಬ್ಬಳ ಕಥೆಗೆ ಇನ್ನೊಬ್ಬಳು ಬಾಯಿ ಹಾಕುವಳು. ರವೆ ಹುರಿದು ಹುರಿದು ನನ್ನ ತೋಳು ಬಿದ್ದುಹೋಯಿತು.

ವಿಜಯದಶಮಿಯ ಸಂಜೆ, ಗಲಾಟೆ ಕೇಳಿಯೋ ಏನೋ, ಮುಖ್ಯೋಪಾಧ್ಯಾಯಿನಿಯೇ ಬಂದು ಬಾಗಿಲಲ್ಲಿ ನಿಂತರು. ನಾನು ಗಡಬಡಿಸಿ ಎದ್ದು ನಿಂತೆ. ಹುಡುಗಿಯರು ಮಾತ್ರ ಹೆದರಲಿಲ್ಲ. ಇಂಗ್ಲಿಷಿನಲ್ಲಿ ಏನಾದರೂ ಹೇಳದೆ ಉಂಡೆ ಇಲ್ಲ ಅಂತ ಅವರನ್ನೂ ಅಡ್ಡಗಟ್ಟಿದರು. ಅವರು ಹಿಂದಿನ ಬೆಂಚಿನ ಹುಡುಗಿಯ ಕಡೆ ಬಗ್ಗಿ ಕಿವಿಯಲ್ಲಿ ಏನೋ ಕೇಳಿದರು. ಅವಳೂ ಪಿಸುಗುಟ್ಟಿದಳು. ಅವರ ಮುಖ ಕೆಂಪಾಯಿತು. ಎರಡು ಸಲ ತುಟಿಯಲ್ಲೇ ಅಭ್ಯಾಸ ಮಾಡಿಕೊಂಡು, ನನ್ನ ಕಡೆ ತಿರುಗಿ, ಒಂದೊಂದೇ ಪದ ಹೆಕ್ಕಿ ಹೇಳಿದರು.

"ದಯವಿಟ್ಟು ನಮ್ಮ ಜೊತೆ ಇರಿ."

ಹೇಳಿ, ಅಂಗೈ ಚಾಚಿ ನಿಂತರು. ಪಾಪ, ಹಾಗೇ ಎಷ್ಟು ಹೊತ್ತು ನಿಂತಿದ್ದರೋ. ಉಂಡೆ ಕೊಡಬೇಕೆಂಬುದೇ ನನಗೆ ಮರೆತುಹೋಗಿತ್ತು.