ವೈನಿಯ ಹೆಬ್ಬೆರಳು ಮತ್ತು ಹಾರಲೊಲ್ಲದ ಆಮೆ

ಒಂದು ವಿಡಿಯೊ ಗೇಮನ್ನು ಕಟುವಾಗಿ ತೆಗಳಿದ ವಿಮರ್ಶಕನೊಬ್ಬನಿಗೆ ನಾನು ಋಣಿಯಾಗಿದ್ದೇನೆ. ಅವನ ಹೆಸರು ಗೊತ್ತಿಲ್ಲ. ಆ ಪತ್ರಿಕೆಯೂ ಈಗ ನನ್ನ ಬಳಿ ಇಲ್ಲ. ತೊಂಬತ್ತರ ದಶಕದ ಕೊನೆ ಎನ್ನುವುದು ಮಾತ್ರ ಖಾತ್ರಿ. ಹೊರಗೆ ಮಳೆ ಸುರಿಯುತ್ತಿತ್ತು ಎಂದು ಬರೆಯಲು ಕೈ ತುರಿಸುತ್ತದೆ. ಯಾವ ನೆನಪಿಗಾದರೂ ಮಳೆ ಹಚ್ಚುವುದು ನನ್ನ ಹಳೆಯ ಚಟ, ನೀವು ನಂಬಬೇಡಿ.

ಆಗ ನಾನು ಪುಣೆಯ ನಿಗಡಿಯಲ್ಲಿ, ಅಣ್ಣನ ಮನೆಯಲ್ಲಿ ಕಥೆ ಬರೆಯುತ್ತ ಕೂತಿದ್ದೆ. ಧಾರವಾಡದ ಕಡೆಯವರಾದ ನಾವು ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತೇವೆ. ವೈನಿ ಸ್ಕೂಟರಿನಿಂದ ಬಿದ್ದು ಎಡ ಮಣಿಕಟ್ಟು ಮುರಿದುಕೊಂಡಿದ್ದಳು. ಪ್ಲಾಸ್ಟರ್ ಬಿಚ್ಚಿದ ಮೇಲೆ ನೋಡಿದರೆ ಹೆಬ್ಬೆರಳು ಮರದ ಚಮಚೆಯ ಹಾಗೆ ಸೆಟೆದಿತ್ತು. ಅದು ಮಡಚದೆ ಹ್ಯಾಂಡಲ್ ಹಿಡಿಯುವ ಹಾಗಿಲ್ಲ, ಹಾರ್ನ್ ಒತ್ತುವ ಹಾಗಿಲ್ಲ. ಹಾರ್ನಿಲ್ಲದೆ ಪುಣೆಯಲ್ಲಿ ಗಾಡಿ ಓಡಿಸುವುದು ಮಾತಿಲ್ಲದೆ ಜಗಳವಾಡಿದಂತೆ. ದೀಪಾವಳಿಯೊಳಗೆ ಕೈ ಸ್ವಾಧೀನಕ್ಕೆ ಬಾರದಿದ್ದರೆ ಗಾಡಿ ಮಾರಿಬಿಡುವುದೆಂದು ಅಣ್ಣ ಘೋಷಿಸಿದ. ಕೆಳಗಿನ ಮನೆಯಾಕೆ ಆಗಲೇ "ವಿಕಾಯ್ಚಿ ಆಹೆ ನಾ?" ಎಂದು ಮಾರಾಟದ ಸುದ್ದಿ ವಿಚಾರಿಸಿ, ಸೀಟು ತಟ್ಟಿ ನೋಡಿ ಹೋಗಿದ್ದಳು. ವೈನಿಗೆ ಆ ಗಾಡಿ ಎಂದರೆ ಆಕುರ್ಡಿಯ ಶಾಲೆಯ ನೌಕರಿ, ಸಂಜೆಯ ಹಾಡಿನ ಕ್ಲಾಸು, ಯಾರನ್ನೂ ಕೇಳದೆ ಹೊರಬೀಳುವ ಸುಖ. ಆದರೂ ಹಿಚುಕಲೆಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಆಕೆ ಮುಟ್ಟಲಿಲ್ಲ. "ನಾ ಏನ್ ನಾಯಿಮರೀನ, ಚೆಂಡ ಹಿಡಕೊಂಡ ಕೂಡ್ಲಿಕ್ಕೆ?"

ಅಷ್ಟರಲ್ಲಿ ಆಮೆ ಬಂತು. ಟೋಪಿ ಹಾಕಿದ ಆಮೆಯೊಂದು ಕಟ್ಟೆಯಿಂದ ಕಟ್ಟೆಗೆ ಹಾರುತ್ತ ಸಾಗುವ, ಅಂಗೈಯಲ್ಲಿ ಹಿಡಿದು ಆಡುವ ಗೇಮು. ಬಿಡುಗಡೆಯ ದಿನ ಪರದೇಶದ ಅಂಗಡಿಗಳ ಮುಂದೆ ಸರತಿ ನಿಂತಿತ್ತಂತೆ. ಗೆಳೆಯನೊಬ್ಬ ಸಿಂಗಪುರದಿಂದ ಹುರುಪಿನಲ್ಲಿ ತಂದ. ವಾರದೊಳಗೆ ಆ ವಿಮರ್ಶೆ ಓದಿ ಹುರುಪಿಳಿದು, ಗೇಮು, ಯಂತ್ರ, ಪತ್ರಿಕೆ ಮೂರನ್ನೂ ನನ್ನ ಮಡಿಲಿಗೆ ಹಾಕಿದ. "ನಿನ್ನ ಕಥಿ ಇದ್ದಂಗ ಅದಲೇ ಇದು, ಮುಂದಕ್ಕ ಹೋಗೂದ ಇಲ್ಲ."

ವಿಮರ್ಶಕನ ಮುಖ್ಯ ತಕರಾರು ಆಮೆ ಭಾರ ಎನ್ನುವುದು. ಎಡ ಹೆಬ್ಬೆರಳಿನಿಂದ ಗುಂಡಿಯನ್ನು ಅದುಮಿ ಹಿಡಿದೇ ಇರದಿದ್ದರೆ ಅದು ಓಡದು, ಓಡದೆ ಹಾರದು. ಇದು ಆಟವಲ್ಲ, ಹೆಬ್ಬೆರಳಿನ ಗರಡಿಮನೆ. ಗರಡಿಮನೆ ಎಂಬ ಮಾತು ಅವನದಲ್ಲ, ನನ್ನದಿರಬೇಕು. ಆ ಸಾಲನ್ನು ನಾನು ಗಟ್ಟಿಯಾಗಿ ಓದಿದೆನೋ ವೈನಿಯೇ ಓದಿಕೊಂಡಳೋ, ನಮ್ಮಿಬ್ಬರಲ್ಲಿ ಇಂದಿಗೂ ಒಮ್ಮತವಿಲ್ಲ. ಯಂತ್ರ ಮಾತ್ರ ಆಕೆಯ ಕೈ ಸೇರಿತು.

ವೈನಿಯ ವಿಮರ್ಶೆಯೂ ಅಂದೇ ಶುರುವಾಯಿತು. "ಅಲ್ಲೋ, ಇದಕ್ಕ ನಿಚ್ಚಣಿಕಿ ಇಲ್ಲೇನು? ಹಾರೇ ಹೋಗಬೇಕೇನು?" ಮರುದಿನ ಆಮೆಯ ದಾರಿಗೆ ಏಡಿಯೊಂದು ಎದುರಾದಾಗ ಅಣ್ಣನಿಗೆ: "ಅಡ್ಡಬಂತ ನೋಡ್ರಿ ಏಡಿ, ಥೇಟ ನಮ್ಮ ಪುಣೆ ರಿಕ್ಷಾದವ್ರಗತೆ!"

ಆ ಗೇಮಿಗೆ ನೆನಪಿರಲಿಲ್ಲ. ಸ್ವಿಚ್ ಆರಿಸಿದರೆ ದಾಟಿದ್ದೆಲ್ಲ ಅಳಿಸಿ ಮತ್ತೆ ಮೊದಲ ಕಟ್ಟೆ. ಇದಕ್ಕೂ ವಿಮರ್ಶಕ ಬೈದಿದ್ದ. ನನಗೆ ಮಾತ್ರ ಗೌರವ ಬಂತು: ಮರೆತರೆ ಪೂರ್ತಿ ಮರೆಯುತ್ತದೆ, ನನ್ನ ಹಾಗೆ ಅರ್ಧ ಮರೆತು ಉಳಿದದ್ದಕ್ಕೆ ತೇಪೆ ಹಾಕುವುದಿಲ್ಲ. ವೈನಿ ದಿನಾ ಮೊದಲಿನಿಂದ ತೊಡಗುತ್ತಿದ್ದಳು, ಬೈಯುತ್ತ, ಒತ್ತುತ್ತ.

ಹೆಬ್ಬೆರಳು ಮಡಚತೊಡಗಿತು. ಆಮೆಯಿಂದ ಎಂದು ನಾನು; ಬಿಸಿ ಮೇಣದ ಚಿಕಿತ್ಸೆಯಿಂದ ಎಂದು ಡಾಕ್ಟರು; "ನಾ ಎಣ್ಣಿ ತಿಕ್ಕಿದ್ದಕ್ಕ" ಎಂದು ಅಣ್ಣ. ಮೂರರಲ್ಲಿ ನನ್ನದೇ ಪ್ರಬಂಧಕ್ಕೆ ಚೆನ್ನಾಗಿ ಕೂರುತ್ತದೆ, ಆದ್ದರಿಂದ ನನಗೆ ಅದರ ಮೇಲೇ ಹೆಚ್ಚು ಅನುಮಾನ. ಇರಲಿ, ಎಲ್ಲರಿಗೂ ಧನ್ಯವಾದ ಹೇಳಿದರೆ ನನ್ನ ಗಂಟೇನೂ ಹೋಗದು.

ದೀಪಾವಳಿಗೆ ಮುಂಚಿನ ಒಂದು ಬೆಳಿಗ್ಗೆ ಕೆಳಗಿನಿಂದ ಹಾರ್ನ್ ಕೇಳಿಸಿತು. ಆಮೆಯನ್ನು ಓಡಿಸುವಾಗಿನಂತೆ ಅದುಮಿ ಹಿಡಿದ, ನಿಲ್ಲದ ಹಾರ್ನ್. ಕೆಳಗಿನ ಮನೆಯಾಕೆ ಕಿಟಕಿ ತೆರೆದಳು. ಅಣ್ಣ ಗ್ಯಾಲರಿಗೆ ಓಡಿದ. "ಸಾಕ ಮಾರಾಯ್ತಿ, ಕೇಳಿಸ್ತು! ಮಾರೂದಿಲ್ಲ!"

ವೈನಿ ಇನ್ನಷ್ಟು ಹೊತ್ತು ಹೆಬ್ಬೆರಳು ಎತ್ತಲಿಲ್ಲ.

ನನ್ನ ಕಥೆಗಳನ್ನು ಓದುವುದು ಕೈನೋವಿನ ಕೆಲಸ ಎಂದು ಯಾರಾದರೂ ಬರೆದರೆ ಈಗ ನನಗೆ ಮೊದಲಿನಷ್ಟು ಸಿಟ್ಟು ಬರುವುದಿಲ್ಲ. ಆ ವಿಮರ್ಶೆ ಓದಿ, ಸೆಟೆದ ಹೆಬ್ಬೆರಳಿನವರು ಯಾರಾದರೂ ಪುಸ್ತಕ ಹುಡುಕಿಕೊಂಡು ಬಂದಾರು.