ಅಮ್ಮ ಎಣ್ಣೆ ಬಿಟ್ಟ ಟ್ರಕ್ಕು

ಅಡುಗೆಮನೆಯಲ್ಲಿ ಅಮ್ಮ ಹರಳೆಣ್ಣೆ ಕಾಯಿಸುತ್ತಿದ್ದಾಳೆ. ಈ ವಾಸನೆಗೆ ನಿಮಗೆ ಎಣ್ಣೆಸ್ನಾನ ನೆನಪಾಗಬಹುದು. ನನಗೆ ನೆನಪಾಗುವುದು ರಿಮೋಟಿನಲ್ಲಿ ಓಡಿಸುವ ಒಂದು ಆಟದ ಟ್ರಕ್ಕು. ಅದು ಕುಡಿಯುವ ನೈಟ್ರೋ ಇಂಧನದಲ್ಲೂ ಹರಳೆಣ್ಣೆ ಬೆರೆತಿರುತ್ತದೆ. ಹೊಗೆ ಎದ್ದಿತೆಂದರೆ ಗುಬ್ಬಿಯ ನಮ್ಮ ಹಿತ್ತಲು ನಿದ್ದೆಯಲ್ಲಿ ಕಂಡ ಊರಿನಂತೆ ಮಸುಕಾಗಿಬಿಡುತ್ತಿತ್ತು.

ಆ ಟ್ರಕ್ಕು ಅಕ್ಕ, ಭಾವ ಇಬ್ಬರದೂ ಹುಚ್ಚು. ತಮ್ಮ ಮನೆಯಿದ್ದ ಬಟವಾಡಿಯಿಂದ ಭಾನುವಾರ ಬಂದರೆ ಪಕ್ಕದ ಖಾಲಿ ಸೈಟಿನಲ್ಲಿ ಅದನ್ನು ಓಡಿಸಿ, ಮುಖದ ತುಂಬ ಧೂಳು ಮೆತ್ತಿಕೊಂಡೇ ಊಟಕ್ಕೆ ಕೂರುತ್ತಿದ್ದರು. ಅಕ್ಕ ಜ್ವರ ಬಂದು ತೀರಿಕೊಂಡ ಮೇಲೆ ಟ್ರಕ್ಕು ನಮ್ಮ ಅಟ್ಟದಲ್ಲೇ ಉಳಿಯಿತು. ಆ ವರ್ಷ ಆಯುಧಪೂಜೆಯ ಮರುದಿನ ಅದನ್ನು ಒಯ್ಯಲು ಭಾವ ಬಂದರು. ಕುಣಿಗಲ್‌ಗೆ ಮನೆ ಬದಲಿಸುತ್ತಿದ್ದರು.

"ಇದೂ ಹೋದ್ರೆ ಅವ್ರು ಇನ್ಯಾಕ್ ಬರ್ತಾರ್ಲಾ?" ಎಂದು ಅಮ್ಮ ನನ್ನ ಕಿವಿಯಲ್ಲಿ ಕೇಳಿದಳು. ನನಗೂ ಅದೇ ಭಯವಿತ್ತು.

ಒಯ್ಯುವ ಮುನ್ನ ಭಾವ ದಾರ ಎಳೆದು ಚಾಲೂ ಮಾಡಿದರು. ಎಂಜಿನ್ ಕಿರುಚಿತು, ಟ್ರಕ್ಕು ಮಾತ್ರ ಜಗ್ಗಲಿಲ್ಲ. ಸೈಕಲ್ ಚೈನು ಹಾಕುವುದರಾಚೆ ಏನೂ ತಿಳಿಯದ ನಾನು, "ಸ್ಪ್ರಿಂಗ್ ಹೋಗಿರ್ಬೇಕು ಭಾವ" ಎಂದು ದೊಡ್ಡ ಇಂಜಿನಿಯರನಂತೆ ಹೇಳಿದೆ. ಅವರು ಕೈಯಲ್ಲಿ ಚಕ್ರ ತಿರುಗಿಸಿ ನೋಡಿದರು, ಗೇರು ಸರಿಯಾಗಿತ್ತು.

"ಕ್ಲಚ್ ಜಾರ್ತಾ ಇದೆ ಕಣೋ" ಎಂದು ಬಿಚ್ಚಿದರು. ಒಳಗಿನ ಪ್ಯಾಡುಗಳು ಎಣ್ಣೆಯಲ್ಲಿ ತೊಯ್ದಿದ್ದವು. ಉಜ್ಜಿ ಹಿಡಿಯಬೇಕಾದ ಸಾಮಾನು ಅದು. ಎಣ್ಣೆ ಬಿದ್ದರೆ ಏನು ಹಿಡಿದೀತು?

ಅಮ್ಮ ಬಾಗಿಲ ಹಿಂದೆ ಸರಿದಳು. ಹೊಲಿಗೆ ಮಿಷನ್ನು, ಸೈಕಲ್ಲು, ಬಾವಿಯ ರಾಟೆ, ಹೀಗೆ ಮನೆಯಲ್ಲಿ ತಿರುಗುವುದಕ್ಕೆಲ್ಲ ಪೂಜೆಯ ದಿನ ಎಣ್ಣೆ ಬಿಡುವುದು ಅವಳ ಪದ್ಧತಿ.

"ಇದೂ ನಮ್ಮನೇದೇ ಅಲ್ವಾ, ಇದೊಂದನ್ನ ಯಾಕ್ ಬುಡೋದು ಅಂತ ನಾನೇ ನಾಕ್ ತೊಟ್ಟು ಹಾಕ್ದೆ ಅಳಿಯಂದ್ರೇ."

ಟ್ರಕ್ಕಿನ ಮುಂಭಾಗದ ಕುಂಕುಮವನ್ನು ಭಾವ ಆಗಷ್ಟೇ ಕಂಡವರಂತೆ ನೋಡಿದರು. ಅಕ್ಕ ಹೋದ ಮೇಲೆ ಮೊದಲ ಸಲ ನಕ್ಕರು; ನಗುತ್ತಲೇ ಕಣ್ಣೊರೆಸಿಕೊಂಡರು. ಪ್ಯಾಡುಗಳನ್ನು ಸ್ಪಿರಿಟ್‌ನಲ್ಲಿ ತೊಳೆದು, ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದರು. ಟ್ರಕ್ಕು ಹೊಗೆಯೊಳಗೆ ತೇಲುತ್ತ ಹಿತ್ತಲನ್ನು ಸುತ್ತಿತು. ಆಮೇಲೆ ಅದನ್ನು ತಾವೇ ಅಟ್ಟಕ್ಕೇರಿಸಿದರು.

"ಇಲ್ಲೇ ಇರ್ಲಿ ಅತ್ತೆ. ಮುಂದಿನ ವರ್ಷ ಪೂಜೆಗೆ ಬರ್ತೀನಿ. ಕುಂಕುಮ ಇಡಿ, ಎಣ್ಣೆ ಬೇಡ."

ಅಂದಿನಿಂದ ಅವರು ಒಂದು ವರ್ಷವೂ ತಪ್ಪಿಸಿಲ್ಲ. ಈ ಸಲ, ಇವತ್ತಿನ ಪೂಜೆಗೆ, ಅವರ ಹೊಸ ಹೆಂಡತಿಯೂ ಬರುತ್ತಿದ್ದಾರೆ. ಅವರನ್ನು ಏನೆಂದು ಕೂಗಲಿ ಎಂದು ಬೆಳಗಿನಿಂದ ಒದ್ದಾಡುತ್ತಿದ್ದೇನೆ. ಕೊನೆಗೆ ಅಮ್ಮನನ್ನೇ ಕೇಳಿದೆ. ಅವಳು ಒಲೆಯಿಂದ ಮುಖ ತಿರುಗಿಸಲಿಲ್ಲ.

"ಅಕ್ಕ ಅನ್ನು ಕಣ್ಲಾ. ಇನ್ನೇನಂತೀಯ?"

ಗೇಟು ಸದ್ದಾಯಿತು. ಎಷ್ಟೋ ಕಾಲದಿಂದ ಬಾಯಿಗೆ ಬಾರದಿದ್ದ ಮಾತು ಬಂತು.

"ಬನ್ನಿ ಅಕ್ಕ."